ಕೆರೆಯಿಂದ ಕೆರೆಗೆ

ಮೂರು ದಿನ ಬಿಡದೆ ಸುರಿದ ಮಳೆಯಿಂದ ನಮ್ಮೂರಿನ ಕೆರೆ ತುಂಬಿ ಕೋಡಿ ಬಿದ್ದಿತ್ತು. ಆಗ ನನಗೆ ಹತ್ತು ಹನ್ನೊಂದು ವರ್ಷ. ಹೆಂಗಸರು ಗಂಗೆಯ ಪೂಜೆಗೆಂದು ಅರಿಸಿನ ಕುಂಕುಮ ಹಿಡಿದು ಏರಿಯ ಮೇಲೆ ಸಾಲಾಗಿ ನಡೆದಿದ್ದರು. ಹುಡುಗರಾದ ನಾವು ಕೋಡಿಯ ಪಕ್ಕದಲ್ಲಿ ನಿಂತು ಕೆನ್ನೀರು ಕಲ್ಲುಗಳ ಮೇಲೆ ಧುಮುಕುವುದನ್ನು ನೋಡುತ್ತಿದ್ದೆವು. ಎಲ್ಲರಿಗೂ ಸಂತೋಷ, ನನ್ನ ಮನಸ್ಸಿಗೆ ಮಾತ್ರ ಅದು ಒಗ್ಗಲಿಲ್ಲ. ಬೇಸಗೆಯಲ್ಲಿ ಒಂದೊಂದು ಕೊಡ ನೀರಿಗೂ ಪರದಾಡುವ ಊರು, ಇಷ್ಟು ನೀರು ಹರಿದು ಹೋಗುವುದನ್ನು ಕಂಡು ಹಿಗ್ಗುವುದೆ?

ಊರಿನ ನೀರುಗಂಟಿ ಮುದುಕ ಗುದ್ದಲಿಯನ್ನು ಊರಿಕೊಂಡು ಅಲ್ಲಿಯೇ ಕುಳಿತಿದ್ದ. ನಾನು ಕೇಳಿದೆ: "ತಾತ, ನೀರೆಲ್ಲ ಸುಮ್ಮನೆ ಹೋಗುತ್ತಿದೆಯಲ್ಲ! ಕೋಡಿಯನ್ನು ಇನ್ನೆರಡು ಮೊಳ ಎತ್ತರಿಸಿದರೆ ನಮಗೇ ಉಳಿಯುವುದಿಲ್ಲವೆ?"

ಮುದುಕ ನಕ್ಕ. "ಉಳೀತದೆ ಮಗಾ. ಮೊದಲು ಹಿನ್ನೀರು ಹತ್ತಿ ಮೇಲಿನ ಹೊಲ ಮುಳುಗ್ತದೆ. ಆಮೇಲೆ ಏರಿ ಭಾರ ತಾಳದೆ ಬಾಯಿಬಿಡ್ತದೆ. ತಾಳಿಕೊಂಡಿತು ಅಂತಲೇ ಇಟ್ಟುಕೋ, ಕೆಳಗಿನೂರಿನೋರು ಏನು ಮಾಡಬೇಕು? ನಮ್ಮ ಕೆರೆ ಕೋಡಿ ಅಂದರೆ ಅವರ ಕೆರೆಯ ಬಾಯಿ."

ಈ ಮಾತಿನ ಪೂರ್ಣ ಅರ್ಥ ನನಗಾದದ್ದು ಬಹುಕಾಲದ ಮೇಲೆ. ಆ ಮುದುಕ ಒಂದು ಕೆರೆಯನ್ನು ನೋಡುತ್ತಿರಲಿಲ್ಲ. ಕೆರೆಗಳ ಒಂದು ಸರಣಿಯನ್ನು ನೋಡುತ್ತಿದ್ದ.

ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನ ಬಯಲುಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿಗಳು ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟುತ್ತವೆಯಾದರೂ ಹುಟ್ಟಿದ ನಾಡಿನಲ್ಲಿ ಅವು ಮಳೆಗಾಲದ ಹಳ್ಳಗಳಷ್ಟೆ. ವರ್ಷಕ್ಕೆ ಸುಮಾರು 700 ಮಿಲಿಮೀಟರಿನಷ್ಟು ಬೀಳುವ ಮಳೆ, ಅದೂ ಕೆಲವೇ ವಾರಗಳಲ್ಲಿ ಬಂದು ಹೋಗುವಂಥದು. ಇಂಥ ನೆಲದಲ್ಲಿ ಬಾಳಬೇಕಾದ ಜನ ಹರಿಯುವ ನೀರನ್ನು ಮೆಟ್ಟಿಲು ಮೆಟ್ಟಿಲಾಗಿ ನಿಲ್ಲಿಸಿದರು. ಒಂದು ಕಣಿವೆಯ ನೆತ್ತಿಯಲ್ಲಿ ಕಟ್ಟೆ, ಅದರ ಕೆಳಗೆ ಚಿಕ್ಕ ಕೆರೆ, ಅದರ ಕೋಡಿಯ ನೀರು ಸೇರುವಲ್ಲಿ ದೊಡ್ಡ ಕೆರೆ, ಅದರ ಅಚ್ಚುಕಟ್ಟಿನ ಬಸಿನೀರು ಮತ್ತೊಂದು ಕೆರೆಗೆ. ಅವಿಭಜಿತ ಕೋಲಾರ ಜಿಲ್ಲೆಯೊಂದರಲ್ಲಿಯೇ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದುವು. ಗಂಗರ ಕಾಲದಿಂದ ವಿಜಯನಗರದ ಕಾಲದವರೆಗೆ, ಅದರ ಅನಂತರವೂ, ಅರಸರು, ಪಾಳೆಯಗಾರರು, ವರ್ತಕರು, ಸಾಮಾನ್ಯ ಗೃಹಸ್ಥರು ಇವನ್ನು ಕಟ್ಟಿಸಿದರು. ಕೆರೆ ಕಟ್ಟಿಸಿದವನಿಗೂ ದುರಸ್ತಿ ಮಾಡಿಸಿದವನಿಗೂ ಕಟ್ಟುಕೊಡಗಿಯೆಂದು ಭೂಮಿ ಬಿಟ್ಟುಕೊಟ್ಟ ಶಾಸನಗಳು ನಮ್ಮಲ್ಲಿ ಹೇರಳವಾಗಿವೆ.

1866ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರಾಗಿದ್ದ ರಿಚರ್ಡ್ ಸ್ಯಾಂಕಿ ಈ ಕೆರೆಗಳನ್ನು ಕುರಿತು ಒಂದು ವರದಿ ಬರೆದನು. ಬೆಂಗಳೂರಿನ ಸ್ಯಾಂಕಿ ಕೆರೆಗೆ ಹೆಸರು ಬಂದಿರುವುದು ಈತನಿಂದಲೇ. ಸಂಸ್ಥಾನದ ನೆಲದಲ್ಲಿ ಹೆಚ್ಚುಕಡಮೆ ನೂರಕ್ಕೆ 60ರಷ್ಟು ಭಾಗ ಕೆರೆಗಳ ಏರ್ಪಾಡಿಗೆ ಒಳಪಟ್ಟಿದೆಯೆಂದೂ, ಇನ್ನೊಂದು ಹೊಸ ಕೆರೆಗೆ ಜಾಗ ಹುಡುಕುವುದಕ್ಕೆ ವಿಶೇಷ ಜಾಣ್ಮೆಯೇ ಬೇಕಾದೀತೆಂದೂ ಆತನು ಬೆರಗಾಗಿ ಹೇಳಿದನು. ಅದಕ್ಕಿಂತ ಮುಖ್ಯವಾದುದು ಅದರ ಮುಂದಿನ ಮಾತು. ಹಳೆಯ ಕೆರೆಯನ್ನು ಸರಿಪಡಿಸಬಹುದು. ಹೊಸದೊಂದನ್ನು ಕಟ್ಟಿದರೆ ಮಾತ್ರ ಅದು ಅದೇ ಕಣಿವೆಯ ಕೆಳಗಿನ ಇನ್ನೊಂದು ಕೆರೆಯ ನೀರನ್ನು ಕಸಿಯುವುದು ಬಹುಮಟ್ಟಿಗೆ ನಿಶ್ಚಯ, ಎಂಬುದು ಆತನ ಅಭಿಪ್ರಾಯ. ಇಂಜಿನಿಯರಿಂಗ್ ಓದಿದ ಸ್ಯಾಂಕಿಯೂ ಅಕ್ಷರ ತಿಳಿಯದ ನಮ್ಮ ನೀರುಗಂಟಿಯೂ ಒಂದೇ ಸಂಗತಿಯನ್ನು ಕಂಡಿದ್ದರು.

ಹೀಗೆ ಕಾಣುವ ಬಗೆಗೆ ಇಂದು ವ್ಯವಸ್ಥಾ ಚಿಂತನೆಯೆಂದು ಹೆಸರು. ಹೆಸರು ದೊಡ್ಡದು, ವಿಷಯ ಅಷ್ಟು ಕಠಿಣವಲ್ಲ. ಒಂದು ರಾಗಿಯ ಮೂಟೆಯಿಂದ ಎರಡು ಸೇರು ತೆಗೆದರೆ ಉಳಿದದ್ದು ರಾಗಿಯೇ. ಆದರೆ ಹಿಂದಿನ ಕಾಲದ ಕಪಿಲೆಯಿಂದ ಹಗ್ಗವನ್ನು ಬಿಚ್ಚಿ ತೆಗೆದರೆ? ಬಾನಿ, ರಾಟೆ, ಎತ್ತು, ಬಾವಿ ಎಲ್ಲವೂ ಇದ್ದಲ್ಲಿಯೇ ಇರುತ್ತವೆ. ನೀರು ಮಾತ್ರ ಮೇಲೆ ಬರುವುದಿಲ್ಲ. ಮೂಟೆ ಬರಿಯ ರಾಶಿ. ಕಪಿಲೆ ಒಂದು ವ್ಯವಸ್ಥೆ. ವ್ಯವಸ್ಥೆಯ ಗುಣ ಅದರ ಅಂಗಗಳಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಅಂಗಗಳ ನಡುವಣ ಸಂಬಂಧದಲ್ಲಿರುತ್ತದೆ. ಆದಕಾರಣ ಅಂಗಗಳನ್ನು ಒಂದೊಂದಾಗಿ ಬಿಡಿಸಿ ಎಷ್ಟು ಪರೀಕ್ಷಿಸಿದರೂ ಈ ಸಂಬಂಧ ಕೈಗೆ ಸಿಕ್ಕುವುದಿಲ್ಲ.

ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಈ ದೃಷ್ಟಿಗೆ ಶಾಸ್ತ್ರದ ರೂಪ ದೊರೆಯಿತು. ಅಮೆರಿಕದ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿದ್ದ ಜೇ ಫಾರೆಸ್ಟರ್ ಎಂಬ ಇಂಜಿನಿಯರು 1956ರಿಂದ ಮುಂದಕ್ಕೆ ಕಾರ್ಖಾನೆಗಳು, ನಗರಗಳು, ಕೊನೆಗೆ ಇಡೀ ಲೋಕವೇ ಹೇಗೆ ಏರಿಳಿಯುತ್ತವೆ ಎಂಬುದನ್ನು ಗಣಕಯಂತ್ರದ ನೆರವಿನಿಂದ ಅಭ್ಯಾಸ ಮಾಡಿದನು. ಅದೇ ಮಾರ್ಗದಲ್ಲಿ ನಡೆದ ಡೊನೆಲ್ಲಾ ಮೆಡೋಸ್ ಮತ್ತು ಆಕೆಯ ಸಂಗಡಿಗರು 1972ರಲ್ಲಿ 'ಬೆಳವಣಿಗೆಯ ಮಿತಿಗಳು' ಎಂಬ ಅರ್ಥದ ಹೆಸರಿನ ಪುಸ್ತಕವನ್ನು ಹೊರತಂದರು. ಮಿತಿಯುಳ್ಳ ಭೂಮಿಯ ಮೇಲೆ ಜನಸಂಖ್ಯೆ, ಕೈಗಾರಿಕೆ, ಮಾಲಿನ್ಯಗಳು ಹೀಗೆಯೇ ಬೆಳೆಯುತ್ತ ಹೋದರೆ ಏನಾದೀತೆಂಬುದು ಅದರ ಪ್ರಶ್ನೆ. ಪುಸ್ತಕಕ್ಕೆ ಬಂದ ಟೀಕೆಗಳೂ ಕಡಮೆಯೇನಲ್ಲ. ಆದರೆ ಅವರು ಬಳಸಿದ ಮೂರು ನಾಲ್ಕು ಕಲ್ಪನೆಗಳು ಇಂದಿಗೂ ಉಪಯುಕ್ತವಾಗಿವೆ. ಅವನ್ನು ತಿಳಿಯಲು ನಾವು ಅಮೆರಿಕಕ್ಕೆ ಹೋಗಬೇಕಾಗಿಲ್ಲ, ಕೆರೆಯ ಏರಿಯನ್ನು ಹತ್ತಿದರೆ ಸಾಕು.

ಕೆರೆಯಲ್ಲಿ ನಿಂತ ನೀರು ಒಂದು ಸಂಗ್ರಹ. ಕಾಲುವೆಗಳಿಂದ ಬರುವುದು ಒಳಹರಿವು. ತೂಬಿನಿಂದ ಗದ್ದೆಗೆ, ಬಿಸಿಲಿನಿಂದ ಗಾಳಿಗೆ, ತಳದಿಂದ ನೆಲದೊಳಕ್ಕೆ, ಕೋಡಿಯಿಂದ ಕೆಳಗಿನ ಕೆರೆಗೆ ಹೋಗುವುದು ಹೊರಹರಿವು. ನೆಲದೊಳಕ್ಕೆ ಇಂಗಿದ್ದು ನಷ್ಟವೆಂದು ತೋರಬಹುದು. ಬಾವಿಗಳಿಗೆ ನೀರು ಬರುವುದು ಅದರಿಂದಲೇ. ಅಂದರೆ ಒಂದು ಸಂಗ್ರಹದ ಹೊರಹರಿವು ಇನ್ನೊಂದು ಸಂಗ್ರಹದ ಒಳಹರಿವಾಗುತ್ತದೆ. ಇದು ಮೊದಲನೆಯ ಪಾಠ.

ಎರಡನೆಯದು, ಪರಿಣಾಮವು ತಿರುಗಿ ಬಂದು ಕಾರಣವಾಗುವ ಬಗೆ. ಕೆರೆ ಅರ್ಧವೇ ತುಂಬಿದ ವರ್ಷ ಊರಿನ ಹಿರಿಯರೂ ನೀರುಗಂಟಿಯೂ ಕಲೆತು, ಅಚ್ಚುಕಟ್ಟಿನಲ್ಲಿ ಈ ಸಲ ಭತ್ತ ಇಷ್ಟೇ, ಉಳಿದದ್ದು ರಾಗಿ ಎಂದು ಗೊತ್ತುಮಾಡುತ್ತಿದ್ದರು. ನೀರು ಕಡಮೆಯಾದುದರಿಂದ ಬಳಕೆ ಕಡಮೆಯಾಯಿತು. ಬಳಕೆ ಕಡಮೆಯಾದುದರಿಂದ ನೀರು ಬೇಸಗೆಯವರೆಗೆ ಉಳಿಯಿತು. ಹೂಳಿನ ವಿಷಯವೂ ಹೀಗೆಯೇ. ಬೇಸಗೆಯಲ್ಲಿ ರೈತರು ಕೆರೆಯ ಗೋಡುಮಣ್ಣನ್ನು ಗಾಡಿಗಳಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು. ಹೊಲಕ್ಕೆ ಸಾರ, ಕೆರೆಗೆ ಆಳ. ಯಾರೂ ಯಾರಿಗೂ ಉಪಕಾರ ಮಾಡುವ ಉದ್ದೇಶ ಹೊಂದಿರಲಿಲ್ಲ. ತಮ್ಮ ಹೊಲದ ಆಸೆಯೇ ಕೆರೆಯನ್ನು ಕಾಯುತ್ತಿತ್ತು.

ಹಳೆಯದನ್ನು ಹೊಗಳುವ ಭರದಲ್ಲಿ ಒಂದು ಮಾತನ್ನು ಮರೆಯಬಾರದು. ನೀರುಗಂಟಿಯ ಕೆಲಸ ಹುಟ್ಟಿನಿಂದ ಬರುತ್ತಿತ್ತು. ಎಲ್ಲರ ಗದ್ದೆಗೂ ನ್ಯಾಯವಾಗಿ ನೀರು ಹಂಚಿದವನಿಗೆ ಊರಬಾವಿಯಲ್ಲಿ ನೀರು ಸೇದುವ ಹಕ್ಕು ಎಷ್ಟೋ ಕಡೆ ಇರಲಿಲ್ಲ. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು 1961ರ ಕಾಯಿದೆ ರದ್ದುಮಾಡಿದುದು ಸರಿಯಾಗಿಯೇ ಇತ್ತು. ಆದರೆ ಆ ಅನ್ಯಾಯದ ಜೊತೆಗೆ ಅವನು ಮಾಡುತ್ತಿದ್ದ ಕೆಲಸವೂ ಹೋಯಿತು. ಆ ಸ್ಥಾನದಲ್ಲಿ ಯಾರು ನಿಲ್ಲಬೇಕೆಂದು ಯಾರೂ ಯೋಚಿಸಲಿಲ್ಲ.

ಅದೇ ಕಾಲಕ್ಕೆ ಕೊಳವೆ ಬಾವಿಗಳು ಬಂದುವು. 1970ರ ದಶಕದಿಂದ ಮುಂದಕ್ಕೆ ಬಯಲುಸೀಮೆಯಲ್ಲಿ ಅವು ಹರಡಿದ ವೇಗ ಆಶ್ಚರ್ಯಕರವಾದುದು. ಸ್ವಂತ ಹೊಲದಲ್ಲಿ, ಬೇಕಾದಾಗ, ಯಾರ ಹಂಗೂ ಇಲ್ಲದೆ ನೀರು! ರೈತನು ಅದನ್ನು ಬಯಸಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಕೆರೆಯ ನೀರು ಕಣ್ಣಿಗೆ ಕಾಣುತ್ತದೆ, ನೆಲದೊಳಗಿನ ನೀರು ಕಾಣುವುದಿಲ್ಲ. ಕೆರೆ ಬತ್ತಿದರೆ ಇಡೀ ಊರಿಗೆ ಗೊತ್ತು. ಅಂತರ್ಜಲ ಇಳಿದರೆ ಪಂಪು ಗಾಳಿ ಎಳೆಯುವ ದಿನದವರೆಗೆ ಗೊತ್ತಿಲ್ಲ. ನಮ್ಮ ಗಟ್ಟಿಕಲ್ಲಿನ ನಾಡಿನಲ್ಲಿ ಮಳೆಯ ನೀರು ಕಲ್ಲಿನ ಬಿರುಕುಗಳಲ್ಲಿ ಹಾದು ಆಳಕ್ಕೆ ಇಳಿಯಲು ಬಹಳ ಕಾಲ ಹಿಡಿಯುತ್ತದೆ. ಹೀಗೆ ಮಾಡಿದ ಕೆಲಸಕ್ಕೂ ಕಂಡ ಫಲಕ್ಕೂ ನಡುವೆ ಬೀಳುವ ಕಾಲದ ಅಂತರ ಮೂರನೆಯ ಪಾಠ. ವ್ಯವಸ್ಥೆಗಳಲ್ಲಿ ಜನರು ಮೋಸಹೋಗುವುದು ಬಹುತೇಕ ಇಲ್ಲಿಯೇ ಎಂದು ನನ್ನ ಭಾವನೆ. ಮೊದಲ ಹತ್ತು ವರ್ಷ ಎಲ್ಲವೂ ಲಾಭವಾಗಿ ಕಾಣುತ್ತದೆ. ಲೆಕ್ಕ ಬರುವ ಹೊತ್ತಿಗೆ ಲಾಭ ಮಾಡಿದವನೂ ನಷ್ಟ ಹೊತ್ತವನೂ ಬೇರೆ ಬೇರೆಯಾಗಿರುತ್ತಾರೆ.

ಮುಂದೆ ನಡೆದದ್ದು ಒಂದು ಸುಳಿಯಂತಿದೆ. ನೀರು ಕೆಳಗಿಳಿಯಿತು, ತೆರೆದ ಬಾವಿಗಳು ಒಣಗಿದುವು. ಕಪಿಲೆ ಹೊಡೆಯುತ್ತಿದ್ದ ಬಡವನು ಕೂಲಿಗೆ ಹೋದನು. ಉಳ್ಳವನು ಇನ್ನೂ ಆಳಕ್ಕೆ ಕೊರೆಸಿದನು. ಕೊರೆಸಿದ ಸಾಲ ತೀರಬೇಕಾದರೆ ರಾಗಿ ಸಾಲದು, ಹಣ ತರುವ ಬೆಳೆ ಬೇಕು. ಆ ಬೆಳೆಗೆ ಇನ್ನಷ್ಟು ನೀರು ಬೇಕು. ಆದ್ದರಿಂದ ನೀರು ಇನ್ನಷ್ಟು ಇಳಿಯಿತು. ಕೋಲಾರದಲ್ಲಿ ಸಾವಿರ ಅಡಿ ದಾಟಿ ಕೊರೆದರೂ ನೀರು ಸಿಕ್ಕದ ಬಾವಿಗಳೆಷ್ಟೋ. ಸಿಕ್ಕ ನೀರಿನಲ್ಲಿಯೂ ಹಲವೆಡೆ ಫ್ಲೋರೈಡು ಮಿತಿ ಮೀರಿದ್ದು ಮಕ್ಕಳ ಹಲ್ಲಿನ ಮೇಲೆ ಕಂದುಗೆರೆ ಮೂಡಿಸಿತು. ಅತ್ತ ಕೆರೆಯ ನೀರು ಬೇಡವಾದವರಿಗೆ ಕೆರೆಯ ಕಾಲುವೆ ಯಾಕೆ? ಅದರಲ್ಲಿ ಜಾಲಿ ಬೆಳೆಯಿತು, ಬಳಿಕ ಒತ್ತುವರಿಯಾಯಿತು. ಕೂಲಿಯ, ನೀರಿನ ತೊಂದರೆಯಿಂದ ಹೊಲವನ್ನು ನೋಡಿಕೊಳ್ಳಲಾರದವರು ನೀಲಗಿರಿ ನೆಟ್ಟರು. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆ ಅದಕ್ಕೆ ಒತ್ತಾಸೆಯಾಯಿತು. ನೀಲಗಿರಿ ಮಣ್ಣಿನ ತೇವವನ್ನು ಆಳದಿಂದ ಹೀರಿ ಕೆರೆಗೆ ಬರಬೇಕಾದ ನೀರನ್ನು ಇನ್ನಷ್ಟು ಕುಗ್ಗಿಸಿತು. ಇದರಲ್ಲಿ ಖಳನಾಯಕ ಯಾರು ಎಂದು ಹುಡುಕಿದರೆ ಯಾರೂ ಸಿಕ್ಕುವುದಿಲ್ಲ. ಪ್ರತಿಯೊಬ್ಬನೂ ತನ್ನ ಗದ್ದೆಯ ಬದುವಿನ ಒಳಗೆ ವಿವೇಕದಿಂದಲೇ ನಡೆದುಕೊಂಡಿದ್ದನು.

ಪರಿಹಾರಗಳೂ ಇದೇ ಸುಳಿಗೆ ಸಿಕ್ಕುವುದುಂಟು. ಹನಿ ನೀರಾವರಿಯಿಂದ ಒಂದು ಎಕರೆಗೆ ಬೇಕಾದ ನೀರು ಕಡಮೆಯಾಗುತ್ತದೆ, ನಿಜ. ಉಳಿದ ನೀರಿನಿಂದ ಅದೇ ರೈತನು ಇನ್ನೊಂದು ಎಕರೆಯನ್ನು ಹಸಿರು ಮಾಡಿದರೆ ನೆಲದೊಳಗೆ ಉಳಿದದ್ದೇನು? ಲಕ್ಷಾಂತರ ರೂಪಾಯಿ ಖರ್ಚುಮಾಡಿ ಕೆರೆಯ ಹೂಳೆತ್ತಿ, ಏರಿಗೆ ಕಲ್ಲು ಹೊದಿಸಿ, ಕಾಲುವೆಯನ್ನು ಮಾತ್ರ ಮರೆತ ಊರುಗಳನ್ನು ನಾನು ಕಂಡಿದ್ದೇನೆ. ಬಟ್ಟಲು ಚೊಕ್ಕಟವಾಗಿದೆ, ಹಾಲು ಬರುವ ದಾರಿಯಿಲ್ಲ. ಮೇಲಿನ ಹಳ್ಳಿಯವರು ಹಳ್ಳಕ್ಕೆ ಅಡ್ಡಲಾಗಿ ಸಾಲುಸಾಲು ತಡೆಯೊಡ್ಡು ಹಾಕಿ ತಮ್ಮ ಬಾವಿಗಳಿಗೆ ನೀರು ಮರಳಿತೆಂದು ಹೆಮ್ಮೆಪಡುತ್ತಿರುವಾಗ ಕೆಳಗಿನ ಕೆರೆ ಬರಿದಾಗುವುದೂ ಉಂಟು. ಸ್ಯಾಂಕಿಯ ಎಚ್ಚರಿಕೆ ಇದೇ ತಾನೆ? 1892ರಲ್ಲಿ ಮೈಸೂರಿಗೂ ಮದರಾಸಿಗೂ ಆದ ಒಪ್ಪಂದದ ಹಿಂದೆಯೂ ಇದೇ ಅಂಜಿಕೆಯಿತ್ತು: ಮೇಲಿನವರು ಹೊಸದಾಗಿ ನೀರು ಕಟ್ಟಿದರೆ ಕೆಳಗಿನವರ ಗತಿಯೇನು? ಎರಡು ಹಳ್ಳಿಗಳ ಜಗಳವೂ ಎರಡು ರಾಜ್ಯಗಳ ವ್ಯಾಜ್ಯವೂ ಆಕಾರದಲ್ಲಿ ಒಂದೇ.

ಈಗ ಇದನ್ನು ಸ್ವಲ್ಪ ದೊಡ್ಡದಾಗಿ ನೋಡೋಣ. ಬೆಂಗಳೂರಿನ ಮನೆಯೊಂದರ ನಲ್ಲಿಯಲ್ಲಿ ಬೀಳುವ ಒಂದು ಕೊಡ ನೀರನ್ನು ಹಿಂಬಾಲಿಸಿರಿ. ಅದು ಕಾವೇರಿಯದು. ಸುಮಾರು 100 ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಎತ್ತರಕ್ಕೆ ವಿದ್ಯುತ್ತಿನ ಬಲದಿಂದ ಏರಿ ಬಂದಿದೆ. ಕಾವೇರಿಯ ಮೊದಲ ಹಂತದ ನೀರು ನಗರಕ್ಕೆ ಬಂದದ್ದು 1974ರಲ್ಲಿ. ಐದನೆಯ ಹಂತ 2024ರ ಅಕ್ಟೋಬರಿನಲ್ಲಿ ಆರಂಭವಾಯಿತು. ದೂರದ ನದಿಯ ಮೇಲೆ ಭರವಸೆ ಹೆಚ್ಚಿದಂತೆ ಹತ್ತಿರದ ಕೆರೆಗಳ ಮೇಲಿನ ಲಕ್ಷ್ಯ ಕಡಮೆಯಾಯಿತು. ಹಾಗಿದ್ದೂ ಅದೇ 2024ರ ಬೇಸಗೆಯಲ್ಲಿ ಕೊಳವೆ ಬಾವಿಗಳು ಬತ್ತಿ, ಕಾವೇರಿ ನೀರು ತಲಪದ ಬಡಾವಣೆಗಳ ಜನ ಟ್ಯಾಂಕರುಗಳಿಗಾಗಿ ಕಾದರು.

ಬಳಸಿದ ನೀರೆಲ್ಲಿಗೆ ಹೋಗುತ್ತದೆ? ನೂರು ಕೊಡ ಬಳಸಿದರೆ ಸುಮಾರು ಎಂಬತ್ತು ಕೊಡ ಕೊಳಚೆಯಾಗಿ ಹೊರಬರುತ್ತದೆಂದು ಇಂಜಿನಿಯರುಗಳು ಲೆಕ್ಕಹಾಕುತ್ತಾರೆ. ನಗರದ ಪೂರ್ವ ದಕ್ಷಿಣ ಭಾಗಗಳ ಕೊಳಚೆ ಹಿಂದಿನ ರಾಜಕಾಲುವೆಗಳಲ್ಲಿಯೇ ಇಳಿದು ಬೆಳ್ಳಂದೂರು ಕೆರೆಯನ್ನೂ ವರ್ತೂರು ಕೆರೆಯನ್ನೂ ಸೇರಿತು. ಕಾಲುವೆ ಹಳೆಯದೇ, ಕೆರೆಯೂ ಹಳೆಯದೇ. ಹರಿಯುವುದು ಮಾತ್ರ ಬದಲಾಯಿತು. ಮಾರ್ಜಕಗಳ ಅಂಶದಿಂದ ಕೋಡಿಯಲ್ಲಿ ಬೆಟ್ಟದಂತೆ ನೊರೆಯೆದ್ದು 2015ರಲ್ಲಿ ರಸ್ತೆಗೆ ಹಾರಿತು. ಆ ನೊರೆಗೆ ಬೆಂಕಿಯೂ ಹತ್ತಿತು. ನೀರಿಗೆ ಬೆಂಕಿ ಬಿದ್ದಿತೆಂಬ ಗಾದೆಯಂಥ ಮಾತು ಪತ್ರಿಕೆಯ ಸುದ್ದಿಯಾಯಿತು. ಅಲ್ಲಿಂದ ಮುಂದೆ ಆ ನೀರು ದಕ್ಷಿಣ ಪಿನಾಕಿನಿಯಲ್ಲಿ ಹರಿದು ಹೊಸೂರಿನ ಬಳಿಯ ಕೆಲವರಪಳ್ಳಿ ಜಲಾಶಯದಲ್ಲಿಯೂ ನೊರೆಯನ್ನೆಬ್ಬಿಸಿತು.

ಇಂಥ ಸಮಯದಲ್ಲಿ ಒಂದು ಯೋಜನೆ ಹುಟ್ಟಿತು. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಶುದ್ಧೀಕರಿಸಿ, ದಿನಕ್ಕೆ 44 ಕೋಟಿ ಲೀಟರಿನವರೆಗೆ ಕೋಲಾರಕ್ಕೆ ಪಂಪುಮಾಡಿ, ಅಲ್ಲಿಯ ನೂರಕ್ಕೂ ಹೆಚ್ಚು ಕೆರೆಗಳನ್ನು ಒಂದಾದ ಮೇಲೊಂದರಂತೆ ತುಂಬಿಸುವುದು. 2018ರ ಜೂನಿನಲ್ಲಿ ಮೊದಲ ನೀರು ಲಕ್ಷ್ಮೀಸಾಗರದ ಕೆರೆಗೆ ಬಂದಿತು. ಮುಂದಿನ ತಿಂಗಳಲ್ಲಿಯೇ ನೊರೆ ಕಂಡು ಜನ ಗಾಬರಿಯಾದರು. ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಬಳಿಕ ನೀರು ಮತ್ತೆ ಹರಿಯಿತು. ಕೆರೆಗಳ ಆಸುಪಾಸಿನ ಬಾವಿಗಳಲ್ಲಿ ನೀರಿನ ಮಟ್ಟ ಏರಿದುದನ್ನು ಅಧ್ಯಯನಗಳು ಗುರುತಿಸಿದುವು. ಎಷ್ಟೋ ವರ್ಷಗಳಿಂದ ಒಣಗಿದ್ದ ಕೊಳವೆ ಬಾವಿಯಲ್ಲಿ ನೀರು ಕಂಡ ರೈತನ ಸಂತೋಷವನ್ನು ಯಾರೂ ಹಗುರವಾಗಿ ಕಾಣಬಾರದು.

ಆದರೂ ಕೇಳಲೇಬೇಕಾದ ಪ್ರಶ್ನೆಗಳಿವೆ. ಎರಡು ಹಂತದ ಶುದ್ಧೀಕರಣ ಸಾಕೆ, ಮೂರನೆಯ ಹಂತ ಬೇಡವೆ? ತೂಬಿನಿಂದ ತೆಗೆಯದಿದ್ದರೂ ನೆಲಕ್ಕೆ ಇಂಗಿ ಕುಡಿಯುವ ಬಾವಿಯನ್ನು ಸೇರುವ ನೀರಿನೊಡನೆ ಇನ್ನೇನು ಸೇರುತ್ತದೆ? ಅದರ ಫಲ ಕಾಣಲು ಎಷ್ಟು ವರ್ಷ ಬೇಕು? ನೀರು ಬಂದ ಧೈರ್ಯದಿಂದ ಹೆಚ್ಚು ನೀರಿನ ಬೆಳೆಗಳೇ ಹಬ್ಬಿದರೆ ಹಳೆಯ ಸುಳಿ ಮತ್ತೆ ತಿರುಗುವುದಿಲ್ಲವೆ? ಹಿಂದೆ ಪಿನಾಕಿನಿಗೆ ಹೋಗುತ್ತಿದ್ದ ನೀರು ಕೋಲಾರದ ಕಡೆಗೆ ತಿರುಗಿದಾಗ ಅದರ ಕೆಳಗಿನವರಿಗೆ ಉಳಿಯುವುದೆಷ್ಟು? ಕೊಳಚೆಯನ್ನು ಕೋಲಾರ ಕೊಳ್ಳುತ್ತದೆಂಬ ನೆಮ್ಮದಿಯಿಂದ ಬೆಂಗಳೂರು ತನ್ನ ಕೊಳಚೆಯ ಚಿಂತೆಯನ್ನು ಬಿಟ್ಟರೆ? ಯೋಜನೆ ಒಳ್ಳೆಯದೋ ಕೆಟ್ಟದ್ದೋ ಎಂಬ ಒಂದೇ ಮಾತಿನ ತೀರ್ಪಿಗೆ ನಾನು ಒಪ್ಪುವವನಲ್ಲ. ಬಳಸಿದ ನೀರನ್ನು ಮತ್ತೆ ಬಳಸುವುದು ಸರಿಯಾದ ದಿಕ್ಕು. ಮೂರನೆಯ ಹಂತದ ಶುದ್ಧೀಕರಣಕ್ಕಾಗಿ ಕೋಲಾರದವರು ಕೇಳಿದುದೂ ಅಷ್ಟೇ ಸರಿ. ನಗರದ ಕೊಳಚೆಗೆ ಕೋಲಾರದ ಬಾವಿ ಪ್ರಯೋಗಶಾಲೆಯಾಗಬಾರದು.

ಉಪಾಧ್ಯಾಯನಾಗಿದ್ದ ಕಾಲದಲ್ಲಿ ನಾನು ಇದನ್ನು ಮಕ್ಕಳಿಗೆ ಶಾಲೆಯ ಅಂಗಳದಲ್ಲಿ ಕಲಿಸುತ್ತಿದ್ದೆ. ಸುಣ್ಣದ ಪುಡಿಯಿಂದ ನಡುವೆ ಒಂದು ಕೆರೆಯನ್ನು ಬರೆದು, ಅದಕ್ಕೆ ಸಂಬಂಧಪಟ್ಟುದನ್ನೆಲ್ಲ ಸುತ್ತ ಬರೆದು ಗೆರೆ ಎಳೆಯಿರೆಂದು ಹೇಳುವುದು. ಗೆರೆಯ ತುದಿಗೆ ಬಾಣ. ಒಂದು ಹೆಚ್ಚಿದರೆ ಇನ್ನೊಂದು ಹೆಚ್ಚುವುದೋ ಕುಗ್ಗುವುದೋ ಎಂಬುದಕ್ಕೆ ಗುರುತು. ಮೊದಲು ಮಳೆ, ಕಾಲುವೆ, ಗದ್ದೆ ಬರುತ್ತಿದ್ದುವು. ಆಮೇಲೆ ಮೀನು, ಕುಂಬಾರನ ಜೇಡಿಮಣ್ಣು, ಬೋರಿನ ಸಾಲ, ಸಂತೆಯಲ್ಲಿ ಟೊಮೇಟೊ ಬೆಲೆ. ಒಮ್ಮೆ ಒಬ್ಬ ಹುಡುಗಿ ತನ್ನ ಅಕ್ಕನ ಶಾಲೆ ಬಿಟ್ಟುಹೋದುದನ್ನೂ ಬರೆದಳು; ನೀರು ದೂರವಾದುದರಿಂದ ಕೊಡ ಹೊರುವ ಕೆಲಸ ಅಕ್ಕನ ಪಾಲಿಗೆ ಬಂದಿತ್ತು. ಆ ಬಾಣವನ್ನು ನಾನೂ ಅದುವರೆಗೆ ಎಳೆದಿರಲಿಲ್ಲ.

ಇದರಲ್ಲಿ ಒಂದು ತೊಡಕೂ ಇದೆ. ಬಾಣಗಳು ಹೆಚ್ಚುತ್ತ ಅಂಗಳವೇ ತುಂಬಿ, ಎಲ್ಲಕ್ಕೂ ಎಲ್ಲವೂ ಕಾರಣ, ಆದ್ದರಿಂದ ಮಾಡಬಹುದಾದುದು ಏನೂ ಇಲ್ಲ ಎಂಬ ನಿರಾಶೆ ಹುಟ್ಟಬಹುದು. ದೊಡ್ಡವರಲ್ಲಿ ಇದು ಕೆಲಸ ತಪ್ಪಿಸಿಕೊಳ್ಳುವ ನೆವವೂ ಆಗುತ್ತದೆ. ಆಗ ನಾನು ಮಕ್ಕಳಿಗೆ ಎಲ್ಲ ಗೆರೆಗಳನ್ನೂ ಬಿಟ್ಟು ಸುತ್ತಿ ಬಂದು ಮೊದಲಿನಲ್ಲಿಯೇ ಸೇರುವ ಗೆರೆಗಳನ್ನು ಮಾತ್ರ ಹುಡುಕಲು ಹೇಳುತ್ತಿದ್ದೆ. ಅಂಥವು ಮೂರೋ ನಾಲ್ಕೋ ಇರುತ್ತಿದ್ದುವು. ಅವುಗಳಲ್ಲಿ ಯಾವುದನ್ನು ಎಲ್ಲಿ ತುಂಡರಿಸಬಹುದು, ಯಾರು ತುಂಡರಿಸಬೇಕು, ಅದರಿಂದ ನಷ್ಟವಾಗುವವರು ಯಾರು ಎಂಬ ವಿಚಾರಕ್ಕೆ ಉಳಿದ ಹೊತ್ತೆಲ್ಲ ಸಾಲುತ್ತಿರಲಿಲ್ಲ.

2021ರ ನವೆಂಬರಿನಲ್ಲಿ ಬಿದ್ದ ಅಕಾಲದ ಮಳೆಗೆ ಕೋಲಾರ ಸೀಮೆಯ ಎಷ್ಟೋ ಕೆರೆಗಳು ಬಹುವರ್ಷಗಳ ಮೇಲೆ ತುಂಬಿ ಹರಿದುವು. ನಮ್ಮೂರಿನ ಕೆರೆಯೂ ಕೋಡಿ ಬಿದ್ದಿತು. ನಾನು ಹೋಗಿ ಹಳೆಯ ಜಾಗದಲ್ಲಿ ನಿಂತೆ. ಹುಡುಗರು ಮೊಬೈಲಿನಲ್ಲಿ ಚಿತ್ರ ಹಿಡಿಯುತ್ತಿದ್ದರು. ನೀರು ಕೋಡಿಯಿಂದ ಇಳಿದು ನೂರು ಗಜ ಹೋಗುವುದರೊಳಗೆ ದಾರಿ ತಪ್ಪಿತು. ಕಾಲುವೆಯಿದ್ದ ಕಡೆ ಹೊಸದಾಗಿ ಕಟ್ಟಿದ ಮನೆಗಳ ಸಾಲು. ಅಂಗಳಗಳಿಗೆ ನುಗ್ಗಿದ ನೀರನ್ನು ಹೊರಹಾಕುತ್ತಿದ್ದವರು ಕೋಡಿಗೆ ಮರಳಿನ ಮೂಟೆ ಅಡ್ಡ ಇಡಬೇಕೆಂದು ಕೂಗಾಡುತ್ತಿದ್ದರು. ಅಷ್ಟರಲ್ಲಿ ಕೆಳಗಿನೂರಿನಿಂದ ನಾಲ್ಕೈದು ಜನ ಬಂದರು. ಅವರ ಕೆರೆಗೆ ಇನ್ನೂ ನೀರು ತಲಪಿರಲಿಲ್ಲ. ಗ್ರಾಮಲೆಕ್ಕಿಗರ ಕಚೇರಿಯಿಂದ ತಂದ ಹಳೆಯ ನಕ್ಷೆಯ ಪ್ರತಿಯೊಂದನ್ನು ಅವರು ಏರಿಯ ಕಲ್ಲಿನ ಮೇಲೆ ಹಾಸಿದರು. ಅದರಲ್ಲಿ ಎರಡು ಕೆರೆಗಳ ನಡುವೆ ಒಂದು ನೀಲಿ ಗೆರೆಯಿತ್ತು. ಎರಡೂ ಊರಿನವರು ಆ ಗೆರೆಯ ಮೇಲೆ ಬೆರಳಿಟ್ಟು, ಅದು ಯಾವ ಮನೆಯ ಹಿತ್ತಿಲಲ್ಲಿ ಹಾಯುತ್ತದೆಂದು ಎಣಿಸತೊಡಗಿದರು.